ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರನು (ಆಳ್ವಿಕೆ: ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ದೊರೆ. ಆರನೆಯ ವಿಕ್ರಮಾದಿತ್ಯನ ಮಗ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿಂದ ಪ್ರಸಿದ್ಧನಾದ ಇವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಗ್ರಂಥವು ಮಧ್ಯಯುಗದ ಕರ್ನಾಟಕದ ಜೀವನವನ್ನು ತಿಳಿಯಲು ಬಹುಮುಖ್ಯ ಆಕರಗಳಲ್ಲಿ ಒಂದು. ರಾಜನೀತಿ, ಅಡುಗೆ, ಸಂಗೀತ, ಚಿತ್ರಕಲೆ, ಆನೆಗಳ ಪಾಲನೆ ಮೊದಲಾದ ವಿಷಯಗಳ ಜೊತೆಗೆ ಸುಗಂಧ ತೈಲ, ಲೇಪನ ಮತ್ತು ಧೂಪಗಳ ತಯಾರಿಕೆ ಹಾಗೂ ಬಳಕೆಯನ್ನು ಈ ಗ್ರಂಥ ವಿವರವಾಗಿ ಹೇಳುತ್ತದೆ. ಆದ್ದರಿಂದ ಸುಗಂಧ ಚಿಕಿತ್ಸೆ ಅಥವಾ ಅರೋಮಾಥೆರಪಿಯ ಭಾರತೀಯ ಹಿನ್ನೆಲೆಯನ್ನು ಹುಡುಕುವವರು ಇವನ ಹೆಸರನ್ನು ಎದುರುಗೊಳ್ಳುವುದು ಸಹಜ. ಇವನ ಕಾಲದ ತೈಲಕ್ಕೂ ಇಂದು ಚಿಕ್ಕ ಸೀಸೆಗಳಲ್ಲಿ ಮಾರಾಟವಾಗುವ ಸಾರಭೂತ ತೈಲಕ್ಕೂ ಇರುವ ಅಂತರವನ್ನು ಗಮನಿಸದೆ ಇವನ ಗ್ರಂಥವನ್ನು ಆಧಾರವಾಗಿ ಹಿಡಿಯುವುದು ಅಪಾಯಕ್ಕೆ ಎಡೆಮಾಡಿಕೊಡುತ್ತದೆ.

ಮನೆತನ ಮತ್ತು ಹಿನ್ನೆಲೆ

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ, ಸುಮಾರು ಅರ್ಧ ಶತಮಾನ ಕಾಲ ಆಳಿದವನು. ತನ್ನ ಪಟ್ಟಾಭಿಷೇಕದ ವರ್ಷದಿಂದ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದವನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಹಾಗೂ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಇಬ್ಬರೂ ಅವನ ಆಶ್ರಯದಲ್ಲಿದ್ದರು. ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹೀಗೆ ಕಾವ್ಯ ಮತ್ತು ಶಾಸ್ತ್ರಗಳೆರಡೂ ಪ್ರತಿದಿನದ ಮಾತಾಗಿದ್ದ ಅರಮನೆಯಲ್ಲಿ ಸೋಮೇಶ್ವರನು ಬೆಳೆದನು. ಬಿಲ್ಹಣನು ವಿಕ್ರಮಾದಿತ್ಯನನ್ನು ನಾಯಕನನ್ನಾಗಿಸಿ 'ವಿಕ್ರಮಾಂಕದೇವಚರಿತ'ವನ್ನು ಬರೆದಿದ್ದರೆ, ಸೋಮೇಶ್ವರನು ಅದೇ ವಸ್ತುವನ್ನು ಗದ್ಯದಲ್ಲಿ 'ವಿಕ್ರಮಾಂಕಾಭ್ಯುದಯ'ವೆಂದು ಬರೆಯಲು ತೊಡಗಿದನು. ಈ ಕೃತಿ ಅಪೂರ್ಣವಾಗಿಯೇ ಉಳಿದುಬಂದಿದೆ. ದೊರೆಯೊಬ್ಬನು ತನ್ನ ತಂದೆಯ ಚರಿತ್ರೆಯನ್ನು ತಾನೇ ಬರೆಯಲು ಕುಳಿತದ್ದು ನಮ್ಮ ಇತಿಹಾಸದಲ್ಲಿ ಹೆಚ್ಚಾಗಿ ಕಾಣಸಿಗದ ಸಂಗತಿ.

ಆಳ್ವಿಕೆ

ಸೋಮೇಶ್ವರನು 1126ರ ಸುಮಾರಿಗೆ ಪಟ್ಟಕ್ಕೆ ಬಂದಾಗ ರಾಜ್ಯವು ವಿಸ್ತಾರವಾಗಿತ್ತು. ಆದರೆ ಅದರ ಅಂಚುಗಳು ಸಡಿಲಗೊಳ್ಳತೊಡಗಿದ್ದವು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದು ಪ್ರಬಲನಾಗಿದ್ದನು. ಹೆಸರಿಗೆ ಚಾಲುಕ್ಯರ ಮಾಂಡಲಿಕನಾಗಿ ಉಳಿದರೂ ಅವನು ನಡೆದುಕೊಳ್ಳುತ್ತಿದ್ದುದು ಸ್ವತಂತ್ರ ದೊರೆಯಂತೆ. ಪೂರ್ವದಲ್ಲಿ ವೆಂಗಿಯ ಮೇಲಿನ ಹಿಡಿತವೂ ಚೋಳರ ಪ್ರಯತ್ನದಿಂದ ಇವನ ಕಾಲದಲ್ಲಿಯೇ ಜಾರಿತು. ಶಾಸನಗಳು ಆಂಧ್ರ, ದ್ರಾವಿಡ, ಮಗಧ, ನೇಪಾಳಗಳ ಅರಸರು ಇವನ ಪಾದಕ್ಕೆರಗಿದರೆಂದು ವರ್ಣಿಸುತ್ತವೆ. ಇತಿಹಾಸಕಾರರು ಇದನ್ನು ಪ್ರಶಸ್ತಿಯ ಭಾಷೆಯೆಂದೇ ಓದುತ್ತಾರೆ. ಹಾಗೆ ಓದುವುದೇ ಸರಿ.

ಯುದ್ಧಗಳ ದೃಷ್ಟಿಯಿಂದ ಈ ಹನ್ನೆರಡು ವರ್ಷಗಳ ಬಗ್ಗೆ ಹೇಳಬೇಕಾದದ್ದು ಇಷ್ಟೇ. ಸೋಮೇಶ್ವರನನ್ನು ದುರ್ಬಲ ಅರಸನೆಂದು ತಳ್ಳಿಹಾಕುವ ವಾಡಿಕೆಯೂ ಉಂಟು. ಆದರೆ ದೊಡ್ಡ ಕದನಗಳಿಲ್ಲದ ಕಾಲವೇ ಅಂತಹ ಗ್ರಂಥವೊಂದಕ್ಕೆ ಬೇಕಾದ ಬಿಡುವನ್ನು ಒದಗಿಸಿತೆಂಬುದನ್ನೂ ಮರೆಯಬಾರದು.

ದಾವಣಗೆರೆ ಮತ್ತು ಹರಿಹರದ ಸೀಮೆ

ಇಂದಿನ ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಸುತ್ತಲಿನ ಪ್ರದೇಶವು ಆ ಕಾಲದಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರವೆಂಬ ನಾಡಿಗೆ ಸೇರಿತ್ತು. ಕಲ್ಯಾಣದ ಚಾಲುಕ್ಯರ ಅಧೀನರಾಗಿ ಉಚ್ಚಂಗಿಯ ಪಾಂಡ್ಯರು ಇದನ್ನು ಆಳುತ್ತಿದ್ದರು. ಉಚ್ಚಂಗಿದುರ್ಗದ ಕೋಟೆ ಅವರ ನೆಲೆ. ವಿಷ್ಣುವರ್ಧನನು ಈ ಕೋಟೆಯನ್ನು ಹಿಡಿದು ನೊಳಂಬವಾಡಿಗೊಂಡನೆಂದು ಕರೆಸಿಕೊಂಡದ್ದು ಸೋಮೇಶ್ವರನ ತಂದೆಯ ಕಾಲದ ಘಟನೆ. ಹೊಯ್ಸಳರಿಗೂ ಚಾಲುಕ್ಯರಿಗೂ ನಡುವಿನ ಎಳೆದಾಟದಲ್ಲಿ ಈ ಸೀಮೆಯು ಸೋಮೇಶ್ವರನ ಆಳ್ವಿಕೆಯ ಉದ್ದಕ್ಕೂ ಗಡಿನಾಡಾಗಿಯೇ ಇತ್ತು.

ತುಂಗಭದ್ರೆಗೆ ಹರಿದ್ರಾ ನದಿಯು ಕೂಡುವ ಹರಿಹರಕ್ಕೆ ಕೂಡಲೂರು ಎಂಬ ಹಳೆಯ ಹೆಸರಿದೆ. ಅಲ್ಲಿ ಈಗ ಕಾಣುವ ಹರಿಹರೇಶ್ವರ ದೇವಾಲಯವು ಸೋಮೇಶ್ವರನ ಕಾಲದ್ದಲ್ಲ. ಅದನ್ನು ಒಂದು ಶತಮಾನದ ಅನಂತರ, 1224ರ ಸುಮಾರಿಗೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. ಚಾಲುಕ್ಯರ ಕಾಲದ ಶಿಲ್ಪವನ್ನು ನೋಡಬಯಸುವವರಿಗೆ ದಾವಣಗೆರೆ ನಗರದ ಆನೆಕೊಂಡದಲ್ಲಿರುವ ಈಶ್ವರ ದೇವಾಲಯ ಹತ್ತಿರದ್ದು. ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ, ಅಂದಿನ ಚಿತ್ರದುರ್ಗ ಜಿಲ್ಲೆಯ ಭಾಗವಾಗಿ, ಪ್ರಕಟಿಸಿದರು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ದಾವಣಗೆರೆಯ ಹೆಸರನ್ನು ಸುಗಂಧಭರಿತ ದವನದ ಗಿಡದೊಂದಿಗೆ ಜೋಡಿಸಬೇಕೆನಿಸುವುದು ಸಹಜ. ದವನದ ಎಣ್ಣೆಯನ್ನು ಕರ್ನಾಟಕದಲ್ಲಿ ಬಟ್ಟಿ ಇಳಿಸುವುದೂ ಉಂಟು. ಆದರೆ ಊರಿನ ಹೆಸರಿಗೆ ಸಾಮಾನ್ಯವಾಗಿ ಹೇಳುವ ವಿವರಣೆ ಬೇರೆ: ಕೆರೆಯ ದಡದಲ್ಲಿ ಕುದುರೆಗಳನ್ನು ಕಟ್ಟುತ್ತಿದ್ದ ದಾವಣಿಯಿಂದ ಆ ಹೆಸರು ಬಂದಿತೆಂಬುದು. ದವನದೊಂದಿಗೆ ಇರುವುದು ಧ್ವನಿಸಾಮ್ಯ ಮಾತ್ರ.

ಮಾನಸೋಲ್ಲಾಸ

ಗ್ರಂಥದ ಜ್ಯೋತಿಷ ಗಣನೆಗೆ ಶಕ ವರ್ಷ 1051ನ್ನು ಆಧಾರವಾಗಿ ಇಟ್ಟುಕೊಂಡಿರುವುದರಿಂದ ಅದರ ರಚನೆಯ ಕಾಲವನ್ನು ಕ್ರಿ.ಶ. 1129ರ ಸುಮಾರು ಎಂದು ನಿರ್ಧರಿಸಲಾಗಿದೆ. ಒಟ್ಟು ಐದು ಭಾಗಗಳು. ಪ್ರತಿಯೊಂದರಲ್ಲಿಯೂ ಇಪ್ಪತ್ತು ಅಧ್ಯಾಯಗಳಿರುವುದರಿಂದ ಅವುಗಳನ್ನು ವಿಂಶತಿಗಳೆಂದು ಕರೆಯಲಾಗಿದೆ. ಮೊದಲನೆಯದು ರಾಜ್ಯವನ್ನು ಪಡೆಯುವ ಅರ್ಹತೆಗೆ, ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಗೊಳಿಸುವುದಕ್ಕೆ, ಮೂರನೆಯದು ಅರಸನ ಉಪಭೋಗಗಳಿಗೆ, ನಾಲ್ಕನೆಯದು ವಿನೋದಗಳಿಗೆ, ಐದನೆಯದು ಕ್ರೀಡೆಗಳಿಗೆ ಮೀಸಲು. ನೂರು ಅಧ್ಯಾಯಗಳ ಈ ಯೋಜನೆಯನ್ನು ನೋಡಿದರೆ ಸೋಮೇಶ್ವರನ ಮನಸ್ಸು ವಿಷಯಗಳನ್ನು ಪಟ್ಟಿಮಾಡಿ, ಅಳೆದು, ಎಣಿಸಿ ಇಡುವ ಸ್ವಭಾವದ್ದೆಂದು ತಿಳಿಯುತ್ತದೆ. ಕವಿಯ ಕಲ್ಪನೆಗಿಂತ ಉಗ್ರಾಣಿಯ ಕಣ್ಣು ಅವನಲ್ಲಿ ಹೆಚ್ಚು.

ಅನ್ನಭೋಗದ ಅಧ್ಯಾಯ ಇಂದಿನ ಓದುಗರಿಗೆ ಬಹಳ ಪ್ರಿಯವಾದುದು. ಇಡ್ಲಿಯ ಪೂರ್ವರೂಪವೆನ್ನಬಹುದಾದ ಇಡ್ಡರಿಕಾ, ದೋಸೆಯ ಪೂರ್ವರೂಪವಾದ ಧೋಸಕ ಇವೆರಡೂ ಅಲ್ಲಿ ಬರುತ್ತವೆ. ಎರಡನ್ನೂ ಅಕ್ಕಿಯಿಲ್ಲದೆ ಬೇಳೆಯಿಂದಲೇ ಮಾಡುತ್ತಿದ್ದರೆಂಬುದು ವಿಶೇಷ. ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆಯವರು ತಮ್ಮ ತಿಂಡಿಯ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಈ ಅರಸನ ಅಡುಗೆಮನೆಯನ್ನು ತಲುಪುತ್ತಾರೆ. ಸಂಗೀತ ಮತ್ತು ನೃತ್ಯದ ಅಧ್ಯಾಯಗಳೂ ಅಷ್ಟೇ ಮಹತ್ವದವು. ಮುಂದಿನ ಶತಮಾನದಲ್ಲಿ 'ಸಂಗೀತ ರತ್ನಾಕರ'ವನ್ನು ಬರೆದ ಶಾರ್ಙ್ಗದೇವನು ತನಗಿಂತ ಹಿಂದಿನ ಆಚಾರ್ಯರ ಸಾಲಿನಲ್ಲಿ ಸೋಮೇಶ್ವರನನ್ನು ಹೆಸರಿಸಿದ್ದಾನೆ.

ಸುಗಂಧದ ಅಧ್ಯಾಯಗಳು

ಮೂರನೆಯ ವಿಂಶತಿಯ ಇಪ್ಪತ್ತು ಭೋಗಗಳಲ್ಲಿ ಅನೇಕವು ನೇರವಾಗಿ ಪರಿಮಳಕ್ಕೆ ಸಂಬಂಧಿಸಿದವು: ಸ್ನಾನಭೋಗ, ತಾಂಬೂಲಭೋಗ, ವಿಲೇಪನಭೋಗ, ಮಾಲ್ಯಭೋಗ, ಪಾನೀಯಭೋಗ, ಪಾದಾಭ್ಯಂಗಭೋಗ, ಧೂಪಭೋಗ. ಸ್ನಾನಭೋಗದಲ್ಲಿ ಅಭ್ಯಂಜನದ ಕ್ರಮವನ್ನು ಹೇಳುವಾಗ ಸೋಮೇಶ್ವರನು ಎಣ್ಣೆಯಿಂದಲ್ಲ, ಎಳ್ಳಿನಿಂದಲೇ ಆರಂಭಿಸುತ್ತಾನೆ. ಕೇದಗೆ, ಪುನ್ನಾಗ, ಸಂಪಿಗೆ ಮೊದಲಾದ ಹೂಗಳ ಪರಿಮಳವನ್ನು ಮೊದಲು ಎಳ್ಳಿಗೆ ಹಿಡಿಸಬೇಕು. ಹಾಗೆ ವಾಸಿತವಾದ ಎಳ್ಳನ್ನು ಗಾಣದಲ್ಲಿ ಅರೆದು ಎಣ್ಣೆ ತೆಗೆಯಬೇಕು. ಆ ಎಣ್ಣೆಯನ್ನು ಬಲಿಷ್ಠರಾದ ಮಲ್ಲರು ಅರಸನ ಮೈಗೆ ತಿಕ್ಕುತ್ತಾರೆ. ಅನಂತರ ಕೋಷ್ಠ, ತಕ್ಕೋಲ, ಮುಸ್ತ ಮುಂತಾದ ಗಂಧದ್ರವ್ಯಗಳ ಪುಡಿಯಿಂದ ಉದ್ವರ್ತನ ಮಾಡಿ ಎಣ್ಣೆಯ ಜಿಡ್ಡನ್ನು ತೆಗೆಯುತ್ತಾರೆ. ನೆಲ್ಲಿಯ ಬಳಕೆಯೂ ಉಂಟು. ಕೊನೆಗೆ ಬಿಸಿನೀರಿನ ಸ್ನಾನ. ಯುಗಾದಿ ಮತ್ತು ದೀಪಾವಳಿಯ ದಿನ ಕನ್ನಡದ ಮನೆಗಳಲ್ಲಿ ಎಳ್ಳೆಣ್ಣೆ ಅಥವಾ ಹರಳೆಣ್ಣೆ ಹಚ್ಚಿ, ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ತಿಕ್ಕಿ, ಬಿಸಿನೀರೆರೆಯುವ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮಲ್ಲರ ಬದಲು ಮನೆಯ ಹಿರಿಯರು, ಅಷ್ಟೇ.

ವಿಲೇಪನಭೋಗದ ಲೇಪನಗಳಲ್ಲಿ ಚಂದನ, ಕುಂಕುಮಕೇಸರಿ, ಕಸ್ತೂರಿ, ಕರ್ಪೂರ, ಅಗರು ಇವು ಮುಖ್ಯ ದ್ರವ್ಯಗಳು. ಇವುಗಳ ಆಯ್ಕೆ ಋತುವನ್ನು ಅವಲಂಬಿಸಿದ್ದು, ಬೇಸಿಗೆಗೆ ಬೇಕಾದುದು ಚಳಿಗಾಲಕ್ಕೆ ಹೊಂದುವುದಿಲ್ಲ. ಪಾದಾಭ್ಯಂಗದಲ್ಲಿಯೂ ಋತುವಿಗೆ ತಕ್ಕಂತೆ ಹಚ್ಚುವ ಸ್ನಿಗ್ಧದ್ರವ್ಯ ಬದಲಾಗುತ್ತದೆ. ಧೂಪವನ್ನು ಪುಡಿಯಾಗಿ, ಉಂಡೆಯಾಗಿ, ಬತ್ತಿಯಾಗಿ ಮೂರು ಬಗೆಯಲ್ಲಿ ಸಿದ್ಧಪಡಿಸುವುದನ್ನು ಧೂಪಭೋಗವು ಹೇಳುತ್ತದೆ. ಇಂದಿನ ಊದುಬತ್ತಿಯ ಹಿರಿಯನನ್ನು ಈ ಬತ್ತಿಯಲ್ಲಿ ಗುರುತಿಸಬಹುದು. ಪಾನೀಯಭೋಗದಲ್ಲಿ ಕುಡಿಯುವ ನೀರಿಗೆ ಹೂವಿನ ಪರಿಮಳವನ್ನು ಕೊಡುವ ವಿಧಾನಗಳಿವೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ರೋಗಗಳು ಮತ್ತು ಔಷಧಗಳ ವಿಚಾರವು ಮಾನಸೋಲ್ಲಾಸದಲ್ಲಿ ಬರುವುದು ಮೊದಲನೆಯ ವಿಂಶತಿಯಲ್ಲಿ, ದೀನರು, ಅನಾಥರು ಮತ್ತು ರೋಗಾರ್ತರನ್ನು ಅರಸನು ಪೋಷಿಸಬೇಕೆಂದು ಹೇಳುವ ಸಂದರ್ಭದಲ್ಲಿ. ಸುಗಂಧ ತೈಲ, ಲೇಪನ, ಧೂಪಗಳು ಬರುವುದು ಮೂರನೆಯ ವಿಂಶತಿಯಲ್ಲಿ, ಭೋಗವೆಂಬ ಹೆಸರಿನಡಿ. ಚಿಕಿತ್ಸೆಯು ಕರ್ತವ್ಯದ ವಿಭಾಗದಲ್ಲಿಯೂ ಪರಿಮಳವು ಸುಖದ ವಿಭಾಗದಲ್ಲಿಯೂ ಸೇರಿವೆ. ಪ್ರಾಚೀನರು ಸುಗಂಧದಿಂದಲೇ ಎಲ್ಲ ರೋಗಗಳನ್ನು ಗುಣಪಡಿಸುತ್ತಿದ್ದರೆಂದು ಹೇಳುವವರು ಈ ಗ್ರಂಥವನ್ನು ಸಾಕ್ಷಿಯಾಗಿ ಕರೆಯುವುದು ಸರಿಯಾಗದು. ಸೋಮೇಶ್ವರನು ತನ್ನ ಸಂಪಿಗೆಯ ಎಣ್ಣೆಯನ್ನು ಔಷಧಗಳ ಸಾಲಿನಲ್ಲಿ ಇಡಲಿಲ್ಲ.

ತೈಲ ಮತ್ತು ಸಾರಭೂತ ತೈಲ

ಸೋಮೇಶ್ವರನ ಸ್ನಾನತೈಲವು ಮೂಲತಃ ಎಳ್ಳೆಣ್ಣೆ. ಹೂವಿನ ಪರಿಮಳದ್ರವ್ಯವು ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕರಗಿರುತ್ತದೆ. ಸಾರಭೂತ ತೈಲ (ಎಸೆನ್ಶಿಯಲ್ ಆಯಿಲ್) ಎಂದು ಇಂದು ಕರೆಯುವುದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ವಸ್ತು. ಎಲೆ, ಹೂ, ತೊಗಟೆ ಅಥವಾ ಕಟ್ಟಿಗೆಯ ಮೂಲಕ ಹಬೆಯನ್ನು ಹಾಯಿಸಿ, ಅದರೊಂದಿಗೆ ಆವಿಯಾಗುವ ಪರಿಮಳದ್ರವ್ಯವನ್ನು ತಣಿಸಿ, ನೀರಿನಿಂದ ಬೇರ್ಪಡಿಸಿ ಇದನ್ನು ಪಡೆಯುತ್ತಾರೆ. ಕಿತ್ತಳೆ, ನಿಂಬೆಯ ಜಾತಿಯವುಗಳಲ್ಲಿ ಸಿಪ್ಪೆಯನ್ನು ಹಿಂಡುವುದೂ ಉಂಟು. ಒಂದು ಕಿಲೋಗ್ರಾಂ ಗುಲಾಬಿ ತೈಲಕ್ಕೆ ಸುಮಾರು 3ರಿಂದ 5 ಟನ್ ಹೂ ಬೇಕೆಂಬುದರಿಂದ ಅದರ ಸಾಂದ್ರತೆಯನ್ನು ಊಹಿಸಬಹುದು. ಇದರಲ್ಲಿ ಕೊಬ್ಬಿನ ಅಂಶವಿಲ್ಲ. ಬೇಗ ಆವಿಯಾಗುತ್ತದೆ, ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತದೆ. ಕನ್ನಡದಲ್ಲಿ ಎರಡಕ್ಕೂ ಎಣ್ಣೆ ಎಂಬ ಒಂದೇ ಪದ ಸಲ್ಲುವುದರಿಂದ ಎಳ್ಳೆಣ್ಣೆಯನ್ನು ಬಳಸುವ ಧಾರಾಳತನದಿಂದಲೇ ನೀಲಗಿರಿ ಎಣ್ಣೆಯನ್ನೂ ಬಳಸುವವರಿದ್ದಾರೆ. ತೊಂದರೆ ಆರಂಭವಾಗುವುದು ಅಲ್ಲಿಯೇ.

ಕರ್ನಾಟಕದಲ್ಲಿ ಆಧುನಿಕ ರೀತಿಯ ಬಟ್ಟಿ ಇಳಿಸುವಿಕೆಯ ಪ್ರಸಿದ್ಧ ಉದಾಹರಣೆ ಶ್ರೀಗಂಧದ ಎಣ್ಣೆಯದು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಶ್ರೀಗಂಧದ ರಫ್ತು ನಿಂತಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ, 1916ರಲ್ಲಿ, ಮೈಸೂರಿನಲ್ಲಿ ಸರ್ಕಾರಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಸೋಮೇಶ್ವರನ ಕಾಲದಲ್ಲಿ ಕಲ್ಲಿನ ಮೇಲೆ ತೇಯ್ದು ಮೈಗೆ ಹಚ್ಚುತ್ತಿದ್ದ ಚಂದನವು ಹೀಗೆ ಸೀಸೆಯೊಳಗಿನ ಸಾರವಾಯಿತು.

ಅರೋಮಾಥೆರಪಿ ಎಂಬ ಪದವು ಇನ್ನೂ ಈಚಿನದು. ಅದನ್ನು ಪ್ರಚಾರಕ್ಕೆ ತಂದವನು ಫ್ರಾನ್ಸಿನ ಲಿಯೋನ್ ಪ್ರದೇಶದ ಸುಗಂಧ ರಸಾಯನಜ್ಞ ರೆನೆ ಮಾರಿಸ್ ಗಟ್ಟೆಫೋಸೆ (1881–1950). 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಅವನ ಕೈಗಳು ಸುಟ್ಟು ಗ್ಯಾಂಗ್ರೀನ್ ಉಂಟಾಯಿತು. ಲ್ಯಾವೆಂಡರ್ ಸಾರದಿಂದ ತೊಳೆದುದರಿಂದ ಗುಣವಾಯಿತೆಂದು ಅವನು ಬರೆದನು. ಉರಿಯುವ ಕೈಯನ್ನು ಲ್ಯಾವೆಂಡರ್ ಪಾತ್ರೆಯಲ್ಲಿ ಅದ್ದಿದನೆಂಬ ಜನಪ್ರಿಯ ಕಥೆ ಅವನದೇ ಬರಹಕ್ಕೆ ಹೊಂದುವುದಿಲ್ಲ. ಈ ಪದವನ್ನೇ ಹೆಸರಾಗಿಟ್ಟ ಅವನ ಪುಸ್ತಕ 1937ರಲ್ಲಿ ಪ್ರಕಟವಾಯಿತು. ಇಂದು ಪರಿಮಳವನ್ನು ಆಘ್ರಾಣಿಸುವುದರಿಂದ ಅಥವಾ ದುರ್ಬಲಗೊಳಿಸಿದ ತೈಲದಿಂದ ಅಂಗಮರ್ದನ ಮಾಡುವುದರಿಂದ ಕೆಲವರಿಗೆ ಆತಂಕ ತಗ್ಗುವುದು, ವಾಕರಿಕೆ ಕಡಿಮೆಯಾಗುವುದು ಮುಂತಾದ ಸೀಮಿತ ಉಪಯೋಗಗಳಿಗೆ ಒಂದಿಷ್ಟು ಆಧಾರವಿದೆ. ಸೋಂಕು, ಕ್ಯಾನ್ಸರ್, ಮಧುಮೇಹಗಳಿಗೆ ಇದು ಚಿಕಿತ್ಸೆಯಲ್ಲ.

ಸುರಕ್ಷಿತ ಬಳಕೆಯ ವಿಚಾರ

ಮಾನಸೋಲ್ಲಾಸದ ಪಾನೀಯಭೋಗದಲ್ಲಿ ನೀರಿಗೆ ಹೂವಿನ ಪರಿಮಳ ಕೊಟ್ಟಿದ್ದಾರೆಂದು ಕುಡಿಯುವ ನೀರಿಗೆ ಸಾರಭೂತ ತೈಲದ ಹನಿಗಳನ್ನು ಹಾಕುವುದು ಅತ್ಯಂತ ಅಪಾಯಕರವಾದ ಅನುಕರಣೆ. ನೀರಿನಲ್ಲಿ ಹೂವನ್ನಿಟ್ಟು ತೆಗೆದರೆ ಬರುವ ಪರಿಮಳದ ಪ್ರಮಾಣವೇ ಬೇರೆ. ಸಾರಭೂತ ತೈಲವು ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲುವ ಅಥವಾ ತಳದಲ್ಲಿ ನಿಲ್ಲುವ ಶುದ್ಧ ಸಾರವೇ ಬಾಯಿಗೂ ಗಂಟಲಿಗೂ ತಗಲುತ್ತದೆ. ವೈದ್ಯರ ಸೂಚನೆಯಿಲ್ಲದೆ ಯಾವ ಸಾರಭೂತ ತೈಲವನ್ನೂ ಸೇವಿಸಬಾರದು. ನೀಲಗಿರಿ ಎಣ್ಣೆಯನ್ನು ನುಂಗಿದ ಮಕ್ಕಳಲ್ಲಿ ಕೆಲವೇ ನಿಮಿಷಗಳಲ್ಲಿ ಮಂಪರು, ಸೆಳವು ಕಾಣಿಸಿಕೊಳ್ಳಬಹುದು. ಲವಂಗದ ಎಣ್ಣೆಯು ಮಕ್ಕಳ ಯಕೃತ್ತಿಗೆ ಹಾನಿ ಮಾಡಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಕೀಲುನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿರುವ ಸ್ಯಾಲಿಸಿಲೇಟ್ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮ. ಚಿಕ್ಕ ಮಗುವಿಗೆ ಅದು ಮಾರಕ.

ಕರ್ಪೂರದ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ಹಳೆಯ ಗ್ರಂಥಗಳಲ್ಲಿ ತಾಂಬೂಲದಲ್ಲಿಯೂ ಪಾನಕದಲ್ಲಿಯೂ ಕರ್ಪೂರ ಬರುತ್ತದೆ. ಅಂದಿನ ಶ್ರೇಷ್ಠ ಕರ್ಪೂರವು ಸುಮಾತ್ರಾ, ಬೋರ್ನಿಯೋ ದ್ವೀಪಗಳ ಮರವೊಂದರಿಂದ ಬರುತ್ತಿತ್ತು. ಅದರ ಮುಖ್ಯ ದ್ರವ್ಯ ಬೋರ್ನಿಯಾಲ್. ಇಂದು ಆರತಿಗೆ ಹಚ್ಚುವ ಬಿಳಿಯ ಕರ್ಪೂರವನ್ನು ಹೆಚ್ಚಾಗಿ ಟರ್ಪೆಂಟೈನಿನಿಂದ ಕೃತಕವಾಗಿ ತಯಾರಿಸುತ್ತಾರೆ. ಹೆಸರು ಒಂದೇ, ವಸ್ತು ಬೇರೆ. ಆರತಿಯ ಕರ್ಪೂರವು ತಿನ್ನುವ ಪದಾರ್ಥವಲ್ಲ. ಅದು ನರಮಂಡಲಕ್ಕೆ ವಿಷ. ಕಲ್ಲುಸಕ್ಕರೆಯಂತೆ ಕಾಣುವುದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಂಭವ ಹೆಚ್ಚು. ಎಳೆಗೂಸುಗಳಿಗೆ ನೆಗಡಿಯಾದಾಗ ಎದೆಗೂ ಮೂಗಿನ ಬಳಿಗೂ ಕರ್ಪೂರ ಬೆರೆಸಿದ ಎಣ್ಣೆಯನ್ನು ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಸಂಪೂರ್ಣವಾಗಿ ಬಿಡಬೇಕು.

ದೊಡ್ಡವರಿಗೂ ಅಪಾಯವಿಲ್ಲವೆಂದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯ ನರರೋಗ ತಜ್ಞರು ನೀಲಗಿರಿ ಎಣ್ಣೆಯನ್ನು ಆಘ್ರಾಣಿಸಿದುದರಿಂದ ಸೆಳವು ಬಂದ ಪ್ರಕರಣಗಳನ್ನು 2017ರಲ್ಲಿ ಪ್ರಕಟಿಸಿದರು. ಅನಂತರ ದಕ್ಷಿಣ ಭಾರತದ ಹಲವು ಆಸ್ಪತ್ರೆಗಳನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲಿ ನೀಲಗಿರಿ ಮತ್ತು ಕರ್ಪೂರದ ಅಂಶವುಳ್ಳ ಎಣ್ಣೆ, ಮುಲಾಮುಗಳಿಗೂ ಸೆಳವಿಗೂ ಇರುವ ಸಂಬಂಧವನ್ನು ತೋರಿಸಿದರು. ಅಪಸ್ಮಾರವಿರುವವರು ಇವೆರಡನ್ನೂ ದೂರವಿಡುವುದು ಕ್ಷೇಮ. ಆಸ್ತಮಾ ಇರುವವರಿಗೆ ತೀಕ್ಷ್ಣ ಪರಿಮಳವು ಉಸಿರುಕಟ್ಟಿಸಬಹುದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಚರ್ಮಕ್ಕೆ ಹಚ್ಚುವಾಗ ಸೋಮೇಶ್ವರನ ಪದ್ಧತಿಯಿಂದ ಕಲಿಯಬೇಕಾದುದು ಇದೆ: ಆಧಾರ ತೈಲವೇ ಮುಖ್ಯ, ಪರಿಮಳ ಅದರೊಳಗಿನ ಅಲ್ಪಾಂಶ. ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಶೇ. 1ರಿಂದ 3ರಷ್ಟು ಪ್ರಮಾಣವನ್ನು ಹೇಳುತ್ತಾರೆ. ಮುಖಕ್ಕೆ ಇನ್ನೂ ಕಡಿಮೆ. ಶೇ. 2ರ ಮಿಶ್ರಣವೆಂದರೆ 30 ಮಿಲಿಲೀಟರ್ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಸುಮಾರು 12 ಹನಿ. ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು. ಬರ್ಗಮಾಟ್, ಹಿಂಡಿ ತೆಗೆದ ನಿಂಬೆಯ ಎಣ್ಣೆ ಮೊದಲಾದವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ದಾವಣಗೆರೆಯಂತಹ ಬಯಲುಸೀಮೆಯ ಬಿಸಿಲಿನಲ್ಲಿ ಇದನ್ನು ಹಗುರವಾಗಿ ಕಾಣಬಾರದು. ಅದೇ ಸೆಕೆಯು ಸೀಸೆಯೊಳಗಿನ ಎಣ್ಣೆಯನ್ನೂ ಕೆಡಿಸುತ್ತದೆ. ಗಾಳಿ, ಬೆಳಕು, ಶಾಖಗಳಿಗೆ ಒಡ್ಡಿದ ಟೀ ಟ್ರೀ, ಲ್ಯಾವೆಂಡರ್ ಮುಂತಾದ ತೈಲಗಳಲ್ಲಿ ಹೊಸ ರಾಸಾಯನಿಕಗಳು ಹುಟ್ಟಿ ಅಲರ್ಜಿಗೆ ಕಾರಣವಾಗುತ್ತವೆ. ಗಾಢವರ್ಣದ ಗಾಜಿನ ಸೀಸೆ, ಬಿಗಿಯಾದ ಮುಚ್ಚಳ, ತಂಪಾದ ಜಾಗ, ಮಕ್ಕಳ ಕೈಗೆ ಎಟುಕದ ಎತ್ತರ ಇಷ್ಟು ಬೇಕು. ಬೆಕ್ಕು ಸಾಕಿದವರು ಮುಚ್ಚಿದ ಕೋಣೆಯಲ್ಲಿ ಡಿಫ್ಯೂಸರ್ ಬಳಸದಿರುವುದು ಲೇಸು. ಆ ಪ್ರಾಣಿಯ ಯಕೃತ್ತು ಈ ದ್ರವ್ಯಗಳನ್ನು ಸುಲಭವಾಗಿ ಹೊರಹಾಕಲಾರದು.

ಯಾರಾದರೂ ಅರಿಯದೆ ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯ ಜೊತೆ ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಇನ್ನೂ ಹೆಚ್ಚಿನ ಹಾನಿ ಮಾಡುತ್ತದೆ. ಸೀಸೆಯನ್ನು ಜೊತೆಗೆ ಕೊಂಡೊಯ್ದು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಿಗೆ ತೋರಿಸಬೇಕು. ಚರ್ಮಕ್ಕೆ ಶುದ್ಧ ಸಾರ ತಗಲಿ ಉರಿಯುತ್ತಿದ್ದರೆ ಮೊದಲು ಅಡುಗೆಯ ಎಣ್ಣೆಯಿಂದ ಒರೆಸಿ, ಆಮೇಲೆ ಸಾಬೂನು, ನೀರು.

ಕೊನೆಯ ದಿನಗಳು ಮತ್ತು ಉತ್ತರಾಧಿಕಾರಿಗಳು

ಸೋಮೇಶ್ವರನ ಆಳ್ವಿಕೆ 1138ರಲ್ಲಿ ಮುಗಿಯಿತು. ಅವನ ಮಗ ಎರಡನೆಯ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ತಂದೆಯ ಶಾಸ್ತ್ರಪ್ರೀತಿ ಮಗನಿಗೂ ಇಳಿದಿತ್ತು. 'ಸಂಗೀತ ಚೂಡಾಮಣಿ' ಎಂಬ ಗ್ರಂಥವು ಜಗದೇಕಮಲ್ಲನದು. ಅನಂತರ ಅಧಿಕಾರ ಅವನ ತಮ್ಮ ಮೂರನೆಯ ತೈಲಪನಿಗೆ ಬಂದಿತು. ಅವನ ಕಾಲದಲ್ಲಿ ಕಳಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಬಸವಣ್ಣನವರು ಮತ್ತು ಶರಣರ ಕಾಲದ ಕಲ್ಯಾಣವೆಂದರೆ ಇದೇ. ಹೀಗೆ ಸೋಮೇಶ್ವರನು ತೀರಿಕೊಂಡ ಮೂರು ದಶಕಗಳೊಳಗೆ, ಅವನು ಅಷ್ಟು ವಿವರವಾಗಿ ಬಣ್ಣಿಸಿದ ಅರಮನೆಯ ಜೀವನವು ಆ ನಗರದಲ್ಲಿ ಉಳಿಯಲಿಲ್ಲ. ನೊಳಂಬವಾಡಿಯ ಸೀಮೆಯೂ ಮುಂದೆ ಹೊಯ್ಸಳರ ಕೈಸೇರಿತು.

ಗ್ರಂಥದ ಪ್ರಕಟಣೆ

ಮಾನಸೋಲ್ಲಾಸವು ಹಸ್ತಪ್ರತಿಗಳಲ್ಲಿ ಬಹುಕಾಲ ಉಳಿದಿತ್ತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ್ ಅವರು ಸಂಪಾದಿಸಿದ ಆವೃತ್ತಿಯ ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಹೊರಬಂದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಯವರು ಮೈಸೂರಿನಿಂದ 1926ರಲ್ಲಿ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರಿನಲ್ಲಿ ಮೊದಲ ಭಾಗವನ್ನು ಪ್ರಕಟಿಸಿದರು. ಸ್ನಾನ, ವಿಲೇಪನ, ಧೂಪಗಳ ಅಧ್ಯಾಯಗಳನ್ನು ಒಳಗೊಂಡ ಮೂರನೆಯ ವಿಂಶತಿಯು ಬರೋಡ ಆವೃತ್ತಿಯ ಎರಡನೆಯ ಸಂಪುಟದಲ್ಲಿದೆ. ಭಾರತದ ಸುಗಂಧದ್ರವ್ಯಗಳ ಚರಿತ್ರೆಯನ್ನು ಬರೆದ ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ತಮ್ಮ ಲೇಖನಗಳಲ್ಲಿ ಈ ಗ್ರಂಥವನ್ನು ಬಳಸಿಕೊಂಡಿದ್ದಾರೆ.